ಮೂರು ಉಪ್ಪಾರಹಳ್ಳಿಗಳು

ಮಹಾಲಯ ಅಮಾವಾಸ್ಯೆಯಂದು ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆಯಿಡುವ ಪದ್ಧತಿಯುಂಟು. ನಡುಮನೆಯಲ್ಲಿ ಬಾಳೆಯೆಲೆಗಳನ್ನು ಹಾಸಿ, ತೀರಿಹೋದವರ ಹೆಸರನ್ನು ಒಂದೊಂದಾಗಿ ಹೇಳಿ, ಅವರವರ ಎಲೆಗೆ ಬಡಿಸುತ್ತಾರೆ. ಹೆಸರು ಹೇಳುವ ಅಧಿಕಾರ ನಮ್ಮ ಸೋದರತ್ತೆಯವರದು. ಎಂಬತ್ತು ದಾಟಿದ ಜೀವ. ನೆನಪು ಮಾತ್ರ ಮಸುಕಾಗಿಲ್ಲ. ಒಂದು ವರ್ಷ ನನ್ನ ತಂದೆ, ತಾತ, ಮುತ್ತಾತ, ಮುತ್ತಾತನ ತಂದೆ, ಈ ನಾಲ್ವರ ಹೆಸರುಗಳನ್ನು ತಡವರಿಸದೆ ಹೇಳಿದವರು ಐದನೆಯ ಎಲೆಯ ಮುಂದೆ ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆಗೆ ತಿರುಗಿ, “ಏನಪ್ಪಾ, ಡಿಲ್ಲಿ ಬಾದಷಹರ ಏಳು ತಲೆಯ ಹೆಸರು ಬಾಯಲ್ಲೇ ಹೇಳ್ತೀಯಂತೆ. ನಮ್ಮ ಮನೆಯ ಐದನೇ ತಲೆ ಯಾರು, ಅದನ್ನ ಹೇಳು ನೋಡೋಣ” ಎಂದರು.

ನಾನು ಕಾಲೇಜಿನಲ್ಲಿ ಇತಿಹಾಸವನ್ನು ಪಾಠ ಹೇಳುವವನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿಕೊಂಡು ನಾನು ಹೋದ ದಾರಿಯಾವುದು, ಆ ದಾರಿ ಎಲ್ಲಿಯವರೆಗೆ ಸಾಗಿತು, ಎಲ್ಲಿ ನಿಂತಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮಲ್ಲಿ ಅನೇಕರಿಗೆ ನಿಮ್ಮ ನಿಮ್ಮ ಮನೆಯ ಐದನೆಯ ಎಲೆ ನೆನಪಾದರೆ ನನ್ನ ಶ್ರಮ ಸಾರ್ಥಕ.

ಮೊದಲಿಗೆ ನನ್ನ ಕೈಯಲ್ಲಿದ್ದ ಸಾಮಗ್ರಿ ಇಷ್ಟು. ನಾಲ್ಕನೆಯ ತಲೆಯವನ ಹೆಸರೊಂದು ಗೊತ್ತು. ಅದು ಊರೂರಿಗೂ ಹತ್ತು ಮಂದಿಗೆ ಇರುವಂಥ ಹೆಸರು. ಆತ ಉಪ್ಪಾರಹಳ್ಳಿಯವನು. ಮನೆಯವರು ಗುಬ್ಬಿಯ ಸಂತೆಗೆ ಉಪ್ಪು ಹೊರುತ್ತಿದ್ದರು. ‘ಧಾತು ಈಶ್ವರದ ಬರ’ದಲ್ಲಿ ಅವರು ಊರು ಬಿಟ್ಟರು. ಅತ್ತೆಯವರಿಗೆ ಅವರ ಅಜ್ಜಿ ಹೇಳಿದ್ದು ಇಷ್ಟೇ. ಸಂವತ್ಸರದ ಹೆಸರು ಉಳಿದುಬಂದುದು ನಮ್ಮ ಪುಣ್ಯ. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳು 1876ರಿಂದ 1878ರವರೆಗಿನ ಮಹಾಕ್ಷಾಮದ ವರ್ಷಗಳು. ಆದುದರಿಂದ ಕಾಲ ನಿಶ್ಚಯವಾಯಿತು. ಊರು ನಿಶ್ಚಯವಾಗಲಿಲ್ಲ, ಏಕೆಂದರೆ ಉಪ್ಪಾರಹಳ್ಳಿ ಒಂದಲ್ಲ. ತುಮಕೂರಿನಲ್ಲಿ ಒಂದು, ಗುಬ್ಬಿಯ ಸೀಮೆಯಲ್ಲಿ ಒಂದು, ಕುಣಿಗಲಿನ ಸೀಮೆಯಲ್ಲಿ ಒಂದು, ಹೀಗೆ ಒಂದು ಜಿಲ್ಲೆಯಲ್ಲಿಯೇ ಮೂರಿವೆ. ತುಮಕೂರಿನದು ಈಗ ನಗರದ ಒಂದು ಬಡಾವಣೆಯಾಗಿದೆ; ರೈಲು ಹಳಿಯ ಮೇಲೆ ಕಟ್ಟಿದ ಮೇಲ್ಸೇತುವೆಗೂ ಅದೇ ಹೆಸರು. ಅದರ ಮೇಲೆ ದಿನವೂ ಹಾದುಹೋಗುವವರಲ್ಲಿ ಆ ಹೆಸರಿನೊಳಗೆ ಉಪ್ಪು ಇದೆಯೆಂದು ಯೋಚಿಸುವವರು ವಿರಳ.

ಸಮುದ್ರಕ್ಕೆ ಇಷ್ಟು ದೂರವಾದ ಬಯಲುಸೀಮೆಯಲ್ಲಿ ಉಪ್ಪಿನ ಊರು ಹೇಗೆ ಬಂದಿತೆಂದು ಕೇಳಬಹುದು. ಬೇಸಗೆಯಲ್ಲಿ ಕೆರೆಯ ಕೆಳಗಿನ ಸವುಳು ನೆಲದ ಮೇಲೆ ಬೆಳ್ಳಗೆ ಹಿಟ್ಟಿನಂಥ ಪೊರೆ ಏಳುವುದನ್ನು ನೀವು ನೋಡಿರಬಹುದು. ಉಪ್ಪಾರರು ಆ ಮಣ್ಣನ್ನು ಕೆರೆದು ತಂದು, ಎತ್ತರವಾದ ತೊಟ್ಟಿಯಲ್ಲಿ ತುಂಬಿ, ನೀರು ಹೊಯ್ದು, ಕೆಳಗೆ ಸೋರಿಬಂದ ಉಪ್ಪುನೀರನ್ನು ಬಿಸಿಲಿನಲ್ಲಿ ಆರಿಸಿ ಉಪ್ಪು ತೆಗೆಯುತ್ತಿದ್ದರು. ಚಾಮರಾಜನಗರದ ಸೀಮೆಯಲ್ಲಿ ಅವರ ಊರುಗಳ ಹೆಸರಿನ ಕೊನೆಗೆ ‘ಮೋಳೆ’ ಎಂದು ಸೇರಿರುವುದುಂಟು. ತುಮಕೂರಿನ ಸೀಮೆಯಲ್ಲಿ ‘ಹಳ್ಳಿ’ ಎಂದಾಯಿತು. ಹಳೆಯ ಸರ್ಕಾರಿ ಬರಹಗಾರರು ಈ ಜನರನ್ನು ಕನ್ನಡ ಉಪ್ಪಾರರು, ತೆಲುಗು ಉಪ್ಪಾರರು ಎಂದು ಎರಡಾಗಿ ಬಗೆದು, ಮೊದಲನೆಯವರು ಮಣ್ಣುಪ್ಪು ಮಾಡುವವರು, ಎರಡನೆಯವರು ಗೋಡೆಯನ್ನೂ ಕಟ್ಟಡವನ್ನೂ ಕಟ್ಟುವವರು ಎಂದು ಬರೆದಿದ್ದಾರೆ. ಜನರಾದರೋ ತಮ್ಮ ಮೂಲವನ್ನು ಬೇರೆಯಾಗಿಯೇ ಹೇಳಿಕೊಳ್ಳುತ್ತಾರೆ. ಭೂಮಿಯನ್ನು ಅಗೆದ ಸಗರನ ಮಕ್ಕಳು ನಮ್ಮವರು, ಗಂಗೆಯನ್ನು ತಂದ ಭಗೀರಥ ನಮ್ಮ ಮೂಲಪುರುಷ ಎನ್ನುತ್ತಾರೆ. ಮಣ್ಣನ್ನು ಅಗೆದು, ನೀರನ್ನು ಹರಿಸಿ ಬದುಕಿದವರಿಗೆ ಇದಕ್ಕಿಂತ ತಕ್ಕ ಪೂರ್ವಜ ಎಲ್ಲಿ ಸಿಕ್ಕಾನು? ಭಗೀರಥನಿಂದ ನನ್ನ ಮುತ್ತಾತನ ತಂದೆಯವರೆಗೆ ನಡುವೆ ಇರುವ ಹೆಸರುಗಳು ಯಾವುವು ಎಂಬುದು ಮಾತ್ರ ನನ್ನ ಮುಂದಿದ್ದ ತೊಡಕು.

ಪುರಾಣವನ್ನು ಪುರಾಣದ ಸ್ಥಾನದಲ್ಲಿಟ್ಟು ಕಾಗದದ ಕಡೆಗೆ ಹೊರಟೆ. ತುಮಕೂರಿನ ಸೀಮೆ ಬಹುಕಾಲದಿಂದ ಗಡಿಯ ಸೀಮೆ. ಅಲ್ಲಿಯ ಕಾಗದಗಳ ಗತಿಯನ್ನು ಅರಿಯಲು ಇದು ತಿಳಿದಿರಬೇಕು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಸಿರಾವನ್ನು ಹಿಡಿದನು. 1687ರಲ್ಲಿ ಅದು ಮೊಗಲರ ವಶವಾಗಿ ಸುಬೆಯ ರಾಜಧಾನಿಯಾಯಿತು. ಆಮೇಲೆ ಮರಾಠರು ಬಂದರು. 1761ರಲ್ಲಿ ಹೈದರಾಲಿ ಬಂದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜ್ಯ ಹಂಚಿಹೋಯಿತು. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪೆ ಮೊದಲಾದ ನಾಡನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಅಲ್ಲಿಂದ ಮುಂದೆ ಪಾವಗಡ, ಮಧುಗಿರಿ, ಸಿರಾಗಳ ಅಂಚಿನಲ್ಲಿ ಮೈಸೂರಿಗೂ ಮದರಾಸು ಆಧಿಪತ್ಯಕ್ಕೂ ನಡುವಣ ಎಲ್ಲೆ ಹರಿಯಿತು. ಒಡೆಯರು ಬದಲಾದಾಗಲೆಲ್ಲ ದಫ್ತರವೂ ಬದಲಾಯಿತು. ಅದರ ಭಾಷೆಯೂ ಬದಲಾಯಿತು. ಪಾರಸಿ, ಮೋಡಿ ಲಿಪಿಯ ಮರಾಠಿ, ಕನ್ನಡ, ಇಂಗ್ಲಿಷು, ಇವಿಷ್ಟೂ ಒಂದೇ ನೆಲದ ಲೆಕ್ಕದಲ್ಲಿ ಬಂದುಹೋದುವು. ಉಪ್ಪಾರನಾದರೋ ಅದೇ ಕೆರೆಯ ಕೆಳಗೆ ಅದೇ ಮಣ್ಣನ್ನು ಕೆರೆಯುತ್ತಿದ್ದನು.

ಎಲ್ಲೆ ಹಾಕಿದ ಒಡನೆಯೆ ಅದನ್ನು ಅಳೆಯುವವರು ಬಂದರು. ಕಾಲಿನ್ ಮೆಕೆಂಜಿಯು ಮೈಸೂರಿನ ಮೋಜಣಿಯನ್ನು ಕೈಗೊಂಡನು. ಆತನ ಕೈಕೆಳಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಎಂಬ ಸಹೋದರರೂ ಅವರ ಸಂಗಡಿಗರೂ ಊರೂರಿನ ಗೌಡ ಶಾನುಭೋಗರನ್ನು ಕೇಳಿ ಕೈಫಿಯತ್ತುಗಳನ್ನು ಬರೆಯಿಸಿಕೊಂಡರು. ಅವುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿದೆ. ಅದೇ ವೇಳೆಗೆ, 1800 ಮತ್ತು 1801ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಪೈರು, ಪದಾರ್ಥ, ಕಸುಬು, ಕುಲಗಳನ್ನೆಲ್ಲ ವಿಚಾರಿಸಿ ಬರೆದನು. ಆತನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆತ ತುಮಕೂರಿಗೂ ಗುಬ್ಬಿಗೂ ಬಂದಿದ್ದನು. ಗುಬ್ಬಿಯ ಪೇಟೆಯ ವ್ಯಾಪಾರವನ್ನು ವರ್ಣಿಸಿದ್ದಾನೆ. ಆ ಪುಟಗಳನ್ನು ಓದುವಾಗ ನನ್ನ ಎದೆ ಹೊಡೆದುಕೊಂಡುದುಂಟು. ಆ ಸಂತೆಯ ಗದ್ದಲದಲ್ಲಿ ಉಪ್ಪಿನ ಮೂಟೆಯನ್ನು ಇಳಿಸಿ ಕುಳಿತವನು ನಮ್ಮವನಾಗಿದ್ದಿರಬಾರದೇಕೆ? ಬುಕನನ್ ಅಂಥವನ ಕಸುಬನ್ನು ಕೇಳಿದನು, ಹೆಸರನ್ನು ಕೇಳಲಿಲ್ಲ. ಕೈಫಿಯತ್ತು ಬರೆದವರು ಪಾಳೆಯಗಾರನ ಏಳು ತಲೆಯನ್ನೂ ದೇವಸ್ಥಾನದ ಮಾನ್ಯವನ್ನೂ ಕೇಳಿದರು; ಮಣ್ಣುಪ್ಪಿನವನನ್ನು ಕೇಳಲು ಅವರಿಗೆ ಕಾರಣವಿರಲಿಲ್ಲ.

ಶಾಸನಗಳನ್ನಾದರೂ ನೋಡೋಣವೆಂದು ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವನ್ನು ತೆರೆದೆ. 1904ರಲ್ಲಿ ಹೊರಬಂದ ಆ ಸಂಪುಟ ತುಮಕೂರು ಜಿಲ್ಲೆಯದು. ಕೆರೆಯನ್ನು ಕಟ್ಟಿಸಿದವರು ಅಲ್ಲಿ ಸಿಗುತ್ತಾರೆ. ಅಗೆದವರು ಸಿಗುವುದಿಲ್ಲ. ಕನ್ನಡದಲ್ಲಿ ‘ಕಟ್ಟಿದನು’ ಎಂಬುದಕ್ಕೂ ‘ಕಟ್ಟಿಸಿದನು’ ಎಂಬುದಕ್ಕೂ ಇರುವ ಭೇದವನ್ನು ವ್ಯಾಕರಣದ ತರಗತಿಯಲ್ಲಿ ಕಲಿತಿದ್ದೆ. ಅದರ ಭಾರ ಅಂದು ತಿಳಿಯಿತು.

ಇನ್ನು ಶಾನುಭೋಗರ ಕಡತ. ಈ ಕಾಲದವರು ಕಡತವೆಂದರೆ ಕಚೇರಿಯ ಫೈಲೆಂದು ತಿಳಿಯುತ್ತಾರೆ. ಹಳೆಯ ಕಡತವೆಂದರೆ ಹುಣಿಸೆಬೀಜದ ಅಂಬಲಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒಂದು ವರ್ಷದ ಬಾಕಿ ಸಂದಾಯವಾದರೆ ಆ ಹೆಸರು ಅಳಿದು ಆ ಜಾಗದಲ್ಲಿ ಬೇರೆ ಹೆಸರು ಬರಲು ಅಡ್ಡಿಯಿಲ್ಲ. ಉಳಿದ ಕಡತಗಳಲ್ಲಿಯೂ ಮೊದಲು ಕಾಣುವವರು ಗೌಡ, ಶಾನುಭೋಗ, ತೋಟಿ, ತಳವಾರ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ ಮೊದಲಾದ ಆಯಗಾರರು. ಊರಿನ ಸೇವೆಗಾಗಿ ಅವರಿಗೆ ಮಾನ್ಯವೋ ಕಣದಲ್ಲಿ ಪಾಲೋ ಸಲ್ಲುತ್ತಿದ್ದುದರಿಂದ ಅವರ ಹೆಸರನ್ನು ಬರೆದಿಡಬೇಕಾಗಿತ್ತು. ಉಪ್ಪಾರನು ಆಯಗಾರರಲ್ಲಿ ಸೇರಿದವನಲ್ಲ. ಅವನು ಉಪ್ಪು ಮಾಡಿದನು, ತೆರಿಗೆ ತೆತ್ತನು, ಮಾರಿಕೊಂಡು ಹೋದನು. ತೆರಿಗೆಯಾದರೂ ಬಹುಮಟ್ಟಿಗೆ ಗುತ್ತಿಗೆದಾರನ ಹೆಸರಿನಲ್ಲಿ ಜಮೆಯಾಗುತ್ತಿತ್ತು.

1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಯಿತು. ಚಿತ್ರದುರ್ಗ ವಿಭಾಗಕ್ಕೆ ಡಾಬ್ಸ್ ಎಂಬಾತ ಬಹುಕಾಲ ಸೂಪರಿಂಟೆಂಡೆಂಟನಾಗಿದ್ದನು. ತುಮಕೂರೇ ಅವನ ಠಾಣ್ಯ. ಬೆಂಗಳೂರಿನ ಹಾದಿಯಲ್ಲಿರುವ ದಾಬಸ್‌ಪೇಟೆ ಅವನ ಹೆಸರಿನದೇ. ಕಬ್ಬನ್ನನ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರೆಂದು ಸರ್ಕಾರಿ ಗ್ರಂಥಗಳು ಹೆಮ್ಮೆಯಿಂದ ಹೇಳುತ್ತವೆ. ಪ್ರಜೆಗೆ ಅದು ಉಪಕಾರವೇ ಸರಿ. ವಂಶವನ್ನು ಹುಡುಕುವವನಿಗೆ ಅದರಿಂದ ಒಂದು ವಿಚಿತ್ರವಾದ ನಷ್ಟ. ತೆರಿಗೆಯೊಂದು ಹೋದರೆ ಅದರ ಲೆಕ್ಕವೂ ನಿಲ್ಲುತ್ತದೆ. ಲೆಕ್ಕ ನಿಂತರೆ ಹೆಸರೂ ನಿಲ್ಲುತ್ತದೆ. ಬಡವನು ಸರ್ಕಾರದ ಪುಸ್ತಕದಲ್ಲಿ ಇರುತ್ತಿದ್ದುದು ಅವನು ಕೊಡಬೇಕಾದ ಹಣದ ಬಲದಿಂದ.

1863ರಲ್ಲಿ ಮೈಸೂರಿನಲ್ಲಿ ಕಂದಾಯದ ಸರ್ವೆ ಮೊದಲಾಯಿತು. ಅದು ಒಂದೊಂದಾಗಿ ತಾಲ್ಲೂಕುಗಳಿಗೆ ಹಬ್ಬಿ, ಒಂದೊಂದು ಹೊಲಕ್ಕೂ ನಂಬರು, ಒಂದೊಂದು ನಂಬರಿಗೂ ಖಾತೆದಾರ ಎಂಬ ವ್ಯವಸ್ಥೆ ಬಂದಿತು. ಇಲ್ಲಿಯೇ ನನಗೆ ಮೊದಲ ಬೆಳಕು ಕಂಡದ್ದು. ಹಳೆಯ ಜಮೀನು ಲೆಕ್ಕಗಳನ್ನು ನೋಡುತ್ತ ಹೋದಾಗ ಗುಬ್ಬಿಯ ಕಡೆಯ ಉಪ್ಪಾರಹಳ್ಳಿಯಲ್ಲಿ ನಮ್ಮ ನಾಲ್ಕನೆಯ ತಲೆಯವನ ಹೆಸರಿನವನೊಬ್ಬ ಒಂದು ತುಂಡು ಖುಷ್ಕಿ ಭೂಮಿಯ ಖಾತೆದಾರನಾಗಿ ಕಂಡನು. ನನ್ನ ಸಂತೋಷವನ್ನು ಏನೆಂದು ಹೇಳಲಿ! ಮನೆಗೆ ಬಂದು ಅತ್ತೆಯವರಿಗೆ ಹೇಳಿಯೂ ಬಿಟ್ಟೆ. ಎರಡು ತಿಂಗಳ ಮೇಲೆ ಕುಣಿಗಲಿನ ಕಡೆಯ ಉಪ್ಪಾರಹಳ್ಳಿಯ ಲೆಕ್ಕದಲ್ಲಿ ಅದೇ ಹೆಸರಿನ ಇನ್ನೊಬ್ಬನು ಸಿಕ್ಕಿದನು; ಅವನ ಹೆಸರಿನ ಎದುರಿಗೆ ‘ರಾಜೀನಾಮೆ’ ಎಂದು ಬರೆದಿತ್ತು. ಈಗ ನೌಕರಿಯನ್ನು ಬಿಡುವವರು ಕೊಡುವ ರಾಜೀನಾಮೆಯನ್ನು ಆ ಕಾಲದಲ್ಲಿ ಭೂಮಿಯನ್ನು ಬಿಡುವ ರೈತನು ಕೊಡುತ್ತಿದ್ದನು. ಊರು ಬಿಟ್ಟ ನಮ್ಮ ಕಥೆಗೆ ಈತನು ಒಪ್ಪುತ್ತಾನೆ; ಗುಬ್ಬಿಯ ಸಂತೆಯ ಕಥೆಗೆ ಆತನು ಒಪ್ಪುತ್ತಾನೆ. ಇಬ್ಬರಿಗೂ ತಂದೆಯ ಹೆಸರು ಬರೆದಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಆ ಹೆಸರಿನವರು ಯಾರೂ ಕಾಣಲಿಲ್ಲ. ಹಾಗೆಂದು ಆ ಊರನ್ನು ಬಿಟ್ಟುಬಿಡುವಂತಿಲ್ಲ. ಭೂಮಿಯಿಲ್ಲದೆ ಉಪ್ಪಿನಿಂದಲೇ ಜೀವಿಸಿದವನು ಜಮೀನಿನ ಪುಸ್ತಕದಲ್ಲಿ ಬರಲು ಹೇಗೆ ಸಾಧ್ಯ? ಮೂರು ಊರುಗಳಲ್ಲಿ ಒಂದನ್ನು ಆರಿಸಲು ಹೊರಟವನಿಗೆ ಮೂರೂ ಉಳಿದುವು.

ಬರದ ವರ್ಷಗಳ ಲೆಕ್ಕ ಇನ್ನೂ ಕಠಿಣವಾದದ್ದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ 8,69,224ರಷ್ಟು ಕಡಮೆಯಾದರು. ಈ ಅಂಕಿಗಳನ್ನು ನಾನು ಹಲವು ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಗಣತಿಯವರು ಮನೆಮನೆಗೆ ಹೋಗಿ ಹೆಸರುಗಳನ್ನು ಬರೆದುಕೊಂಡದ್ದು ನಿಜ. ಮೊತ್ತ ಸಿದ್ಧವಾದ ಮೇಲೆ ಆ ಹಾಳೆಗಳಿಂದ ಸರ್ಕಾರಕ್ಕೆ ಕೆಲಸವಿರಲಿಲ್ಲ. ಮೊತ್ತ ಉಳಿಯಿತು, ಹೆಸರು ಹೋಯಿತು. ನಮ್ಮ ಮನೆಯ ಐದನೆಯ ತಲೆಯವನು ಆ ಎರಡು ಸಂಖ್ಯೆಗಳ ನಡುವಣ ವ್ಯತ್ಯಾಸದಲ್ಲಿ ಒಬ್ಬನಾಗಿರಬಹುದು ಎಂದು ಹೊಳೆದ ಮೇಲೆ ಆ ಕಳೆಯುವ ಲೆಕ್ಕವನ್ನು ಮೊದಲಿನಂತೆ ಹಗುರವಾಗಿ ಹೇಳಲು ನನಗೆ ಆಗುತ್ತಿಲ್ಲ.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳಬೇಕು. ಅದೇ ಶತಮಾನದಲ್ಲಿ ದಕ್ಷಿಣದ ಅನೇಕ ಬಡಜನರು ಕರಾರಿನ ಕೂಲಿಗಳಾಗಿ ಮದರಾಸಿನಲ್ಲಿ ಹಡಗು ಹತ್ತಿ ಕಡಲಾಚೆಗೆ ಹೋದರು. ದಕ್ಷಿಣ ಆಫ್ರಿಕದ ನೇಟಾಲಿಗೆ 1860ರಿಂದ 1911ರವರೆಗೆ ಹೀಗೆ ಹೋದವರು, ಉತ್ತರದವರೂ ಸೇರಿ, 1,52,184 ಮಂದಿ. ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ಆ ಹಡಗುಗಳ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಯ ಎತ್ತರ, ಮಚ್ಚೆಯ ಗುರುತು, ಎಲ್ಲವನ್ನೂ ಬರೆದಿದ್ದಾರೆ. ಮಮತೆಯಿಂದ ಬರೆದುದಲ್ಲ; ಓಡಿಹೋದರೆ ಹಿಡಿಯುವುದಕ್ಕೂ ಸತ್ತರೆ ಲೆಕ್ಕ ಮುಗಿಸುವುದಕ್ಕೂ ಬರೆದರು. ಆದರೂ ಇಂದು ಡರ್ಬನ್ನಿನಲ್ಲಿರುವ ಅಂಥವರ ಮರಿಮಗನು ತನ್ನ ಪೂರ್ವಜನ ತಂದೆಯ ಹೆಸರನ್ನೂ ಊರನ್ನೂ ಒಂದು ಹಾಳೆಯಲ್ಲಿ ಕಾಣಬಲ್ಲನು. ನಾಡಿನಲ್ಲಿಯೇ ಉಳಿದು, ತುಮಕೂರಿನಿಂದ ಮೈಸೂರಿಗೆ ನಡೆದುಬಂದವರ ಮರಿಮಗನಾದ ನನಗೆ ಆ ಭಾಗ್ಯವಿಲ್ಲ. ಗಡಿಯನ್ನು ದಾಟಿದವನ ಹೆಸರು ಉಳಿಯಿತು. ಗಡಿಯೊಳಗೆ ಅಲೆದವನದು ಉಳಿಯಲಿಲ್ಲ.

ಉಪ್ಪಿನ ಕಸುಬೂ ಉಳಿಯಲಿಲ್ಲ. ಮದರಾಸಿನಲ್ಲಿ ಕಂಪೆನಿಯು 1805ರಲ್ಲಿಯೇ ಉಪ್ಪನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. 1881ರಲ್ಲಿ ಮೈಸೂರನ್ನು ಮಹಾರಾಜರಿಗೆ ಮರಳಿ ಒಪ್ಪಿಸಿದಾಗ, ಬೇಕೆನಿಸಿದರೆ ಉಪ್ಪಿನ ತಯಾರಿಕೆಯನ್ನು ನಿಲ್ಲಿಸಹೇಳುವ ಅಧಿಕಾರವನ್ನು ಗವರ್ನರ್ ಜನರಲರು ಹಸ್ತಾಂತರ ಪತ್ರದಲ್ಲಿ ತಮಗೆ ಇಟ್ಟುಕೊಂಡರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಬಿಳಿಯ ಸಮುದ್ರದುಪ್ಪು ಸುಲಭವಾಗಿ ಸಿಕ್ಕುವಂತಾದ ಮೇಲೆ ಕಹಿ ಬೆರೆತ ಮಣ್ಣುಪ್ಪನ್ನು ಕೇಳುವವರು ಕಡಮೆಯಾದರು. ಉಪ್ಪಾರನು ಗಾರೆಯ ಕೆಲಸಕ್ಕೋ, ಬೇಸಾಯಕ್ಕೋ, ಕೂಲಿಗೋ ತಿರುಗಿದನು. ನಮ್ಮ ಮುತ್ತಾತನು ಮೈಸೂರಿನಲ್ಲಿ ಗೋಡೆ ಕಟ್ಟಿದವನು. ಅವನ ಕೈಯಲ್ಲಿ ಉಪ್ಪನ್ನು ನಾವಾರೂ ಕಂಡಿಲ್ಲ.

ಇಷ್ಟು ಹುಡುಕಿದ ಮೇಲೆ ಒಂದು ಆಸೆ ಹುಟ್ಟುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಗುಬ್ಬಿಯವನನ್ನೋ ಕುಣಿಗಲಿನವನನ್ನೋ ನಮ್ಮವನೆಂದು ಬರೆದುಕೊಂಡುಬಿಟ್ಟರೆ ಕೇಳುವವರು ಯಾರು? ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಯಾವನೋ ಪಾಳೆಯಗಾರನ ಕೋಟೆಯನ್ನು ಕಟ್ಟಿದವನು ನಮ್ಮವನೆನ್ನಬಹುದು. ಇನ್ನೊಂದು ಹೆಜ್ಜೆಗೆ ವಿಜಯನಗರ ಸಿಕ್ಕುತ್ತದೆ. ನಾಡಿನಲ್ಲಿ ಎಷ್ಟೋ ವಂಶಾವಳಿಗಳು ಹೀಗೆಯೇ ಬೆಳೆದಿವೆ. ಸರ್ಕಾರದ ಕಾಗದವು ತನಗೆ ಬೇಕಾದವನನ್ನು ಬರೆದು ಬೇಡವಾದವನನ್ನು ಬಿಟ್ಟಿತು. ನಾವು ಆ ಬಿಟ್ಟ ಸ್ಥಳದಲ್ಲಿ ಯಾರದೋ ಹೆಸರನ್ನು ತಂದು ಕೂರಿಸಿದರೆ ನಿಜವಾಗಿ ಬಾಳಿದವನನ್ನು ಎರಡನೆಯ ಸಲ ಅಳಿಸಿದಂತಾಗುತ್ತದೆ. ಆದುದರಿಂದ ನಾನು ನನ್ನ ಪುಸ್ತಕದಲ್ಲಿ ಮೂರು ಉಪ್ಪಾರಹಳ್ಳಿಗಳ ಹೆಸರನ್ನೂ ಬರೆದು, ಎರಡು ಲೆಕ್ಕಗಳ ಸಾಕ್ಷ್ಯವನ್ನೂ ಬರೆದು, ತಂದೆಯ ಹೆಸರಿನ ಸ್ಥಳವನ್ನು ಖಾಲಿ ಬಿಟ್ಟಿದ್ದೇನೆ.

ನಿಮ್ಮಲ್ಲಿ ಈ ಕೆಲಸಕ್ಕೆ ಕೈ ಹಾಕಬೇಕೆನ್ನುವವರಿಗೆ ನನ್ನ ಅನುಭವದಿಂದ ಹೇಳಬಹುದಾದುದು ಇಷ್ಟು. ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯರ ಬಳಿಗೆ ಹೋಗಿ. ಸಂವತ್ಸರದ ಹೆಸರು, ಸಂತೆಯ ಹೆಸರು, ಮನೆದೇವರ ಹೆಸರು, ಕಸುಬಿನ ಹೆಸರು, ಇವುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಆಮೇಲೆ ಒಂದೊಂದು ಕಾಗದವನ್ನೂ ಓದುವಾಗ, ಇದನ್ನು ಯಾರು ಯಾತಕ್ಕಾಗಿ ಬರೆಯಿಸಿದರು ಎಂದು ಕೇಳಿಕೊಳ್ಳಿ. ಆ ಪ್ರಶ್ನೆಗೆ ಉತ್ತರ ದೊರೆತರೆ, ನಿಮ್ಮವರು ಅದರಲ್ಲಿ ಏಕೆ ಇದ್ದಾರೆ ಅಥವಾ ಏಕೆ ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಮರುವರ್ಷದ ಮಹಾಲಯದಲ್ಲಿ ಈ ಸಂಗತಿಯನ್ನೆಲ್ಲ ಅತ್ತೆಯವರಿಗೆ ಹೇಳಿ, ಹೆಸರು ಸಿಗಲಿಲ್ಲವೆಂದು ತಲೆ ತಗ್ಗಿಸಿದೆ. ಅವರು ಮೂರೂ ಊರುಗಳ ವಿಚಾರವನ್ನು ಸಾವಧಾನವಾಗಿ ಕೇಳಿದರು. “ಇಬ್ಬರಿದ್ದರು ಅಂತೀಯಲ್ಲ, ಇಬ್ಬರಿಗೂ ಅಪ್ಪಂದಿರು ಇದ್ದೇ ಇದ್ದರು, ಬಿಡು” ಎಂದರು. ಆಮೇಲೆ ಐದನೆಯ ಎಲೆಯ ಮುಂದೆ ಹೆಸರು ಹೇಳದೆ, “ಉಪ್ಪಾರಹಳ್ಳಿಯವರಿಗೆ” ಎಂದಷ್ಟೇ ಹೇಳಿ, ಎಲ್ಲ ಎಲೆಗಳಿಗೂ ಬಡಿಸುವಂತೆ ಅದಕ್ಕೂ ಮೊದಲು ತುದಿಯಲ್ಲಿ ಒಂದು ಚಿಟಿಕೆ ಉಪ್ಪನ್ನು ಬಡಿಸಿದರು.